ಯೋಚನೆ ಆಫೀಸಿನ ಹವಾಲ್ದಾರ

ಜಗಳೂರು ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಇನ್ನೂ ಸ್ಟೌ ಹೊತ್ತಿಲ್ಲ. ದಾವಣಗೆರೆಯಿಂದ ಬರುವ ಮೊದಲ ಬಸ್ಸಿಗಾಗಿ ನಿವೃತ್ತ ಹವಾಲ್ದಾರ ಚಿಕ್ಕಹನುಮಂತಪ್ಪ ಸೈಕಲ್ ಹಿಡಿದು ನಿಂತಿದ್ದಾರೆ. ಬಸ್ಸು ಬರುತ್ತದೆ. ಕಪ್ಪು ಟ್ರಂಕು, ಸುತ್ತಿದ ಹಾಸಿಗೆ ಸಮೇತ ರಜೆಗೆ ಬಂದ ಯೋಧನೊಬ್ಬ ಇಳಿಯುತ್ತಾನೆ. ಆತ ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಟ್ರಂಕು ಸೈಕಲ್ಲಿನ ಕ್ಯಾರಿಯರ್ ಏರಿ, ಹಗ್ಗ ಬಿಗಿದೂ ಆಗಿದೆ.

"ನಡಿಯಪ್ಪಾ, ಮನೆತಂಕ ಬರ್ತೀನಿ. ಈ ಸಲದ ಬೂಟು ಹೆಂಗೈತೆ? ಕಾಲು ಕಚ್ತೈತೋ, ಸರಿ ಕೂರ್ತೈತೋ?"

ನೋಡಿದವರು ಹಮಾಲಿ ಎಂದುಕೊಂಡರೆ ತಪ್ಪಿಲ್ಲ. ಆದರೆ ಈ ಮನುಷ್ಯ ಮಾಡುತ್ತಿರುವುದು ದೇಶದ ಭದ್ರತೆಯ ಸಂಶೋಧನೆ.

ದಿಲ್ಲಿಯಲ್ಲೊಂದು ಸೇನಾ ಅಧ್ಯಯನ ಸಂಸ್ಥೆ ಇದೆ. ನಿವೃತ್ತ ಅಧಿಕಾರಿಗಳು, ಪ್ರೊಫೆಸರುಗಳು ಅಲ್ಲಿ ಕೂತು, ಗಡಿ ಕಾಯುವುದರಲ್ಲಿ ನಾವು ಎಲ್ಲಿ ಎಡವುತ್ತಿದ್ದೇವೆ, ಮುಂದೆ ಏನು ಎದುರಾಗಬಹುದು ಎಂದು ಅಳೆದು ತೂಗಿ ವರದಿ ಬರೆಯುತ್ತಾರೆ. ಸೇನೆ ಅದನ್ನು ಒಪ್ಪಬಹುದು, ಬಿಡಬಹುದು. ನೆರೆ ದೇಶಗಳ ನಡೆ, ಹೊಸ ಬಂದೂಕು, ಗುಡ್ಡಗಾಡಿನ ರಸ್ತೆ, ಇವೇ ಅವರ ಮುಖ್ಯ ಕಸುಬು. ಅವರ ನಡುವಿನ ಕರ್ನಲ್ ಒಬ್ಬರು ಮಾತ್ರ, ಯೋಧ ಏನು ತಿನ್ನುತ್ತಾನೆ, ಹೇಗೆ ಮಲಗುತ್ತಾನೆ ಎನ್ನುವುದೂ ಭದ್ರತೆಯ ಪ್ರಶ್ನೆಯೇ ಎಂದು ಹಟ ಹಿಡಿದರಂತೆ. ಕ್ಯಾಂಪಿನಲ್ಲಿ ಕೇಳಿದರೆ ಯಾವ ಜವಾನನೂ "ಸಬ್ ಠೀಕ್ ಹೈ ಸಾಬ್" ಎನ್ನುವುದು ಬಿಟ್ಟು ಬೇರೆ ಹೇಳುವುದಿಲ್ಲ. ಊರಿಗೆ ಬಂದಾಗ ಅವನ ಭಾಷೆಯಲ್ಲೇ ಕೇಳಬೇಕು. ಅದಕ್ಕೆಂದು ಅಲ್ಲಲ್ಲಿ ಮಾಜಿ ಸೈನಿಕರನ್ನು ಹುಡುಕಿದರು. ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಗೆ ಸಿಕ್ಕವರು ನಮ್ಮ ಹವಾಲ್ದಾರರು. ಎಪ್ಪತ್ತಾರನೇ ಇಸವಿಯಲ್ಲಿ ನಿವೃತ್ತರಾಗಿ ಬಂದವರು ಈ ಎಂಬತ್ತೈದರ ತನಕವೂ ಅದೇ ಕೆಲಸ ಮಾಡುತ್ತಿದ್ದಾರೆ.

ಸಂಸ್ಥೆಗೆ ಊರಿನವರು ಇಟ್ಟಿರುವ ಹೆಸರು 'ಯೋಚನೆ ಆಫೀಸು'. "ಯೋಚ್ನೆ ಮಾಡಾಕೂ ಒಂದು ಆಫೀಸು ಐತಂತೆ! ನಮ್ಮ ಹನುಮಂತಪ್ಪಂಗೆ ಅಲ್ಲಿ ಕೆಲಸ ಅಂತೆ!" ಎಂದು ಕ್ಷೌರದಂಗಡಿಯಲ್ಲಿ ರೇಗಿಸುತ್ತಾರೆ. ಹವಾಲ್ದಾರರು ಮೀಸೆಯಡಿಯಲ್ಲೇ ನಗುತ್ತಾರೆ.

ಯೋಧನ ಮುಂದೆ ಅವರು ಕಾಗದ, ಪೆನ್ನು ತೆಗೆಯುವುದೇ ಇಲ್ಲ. "ತೆಗೆದ್ರೆ ಅವನು ಮತ್ತೆ ಸಿಪಾಯಿ ಆಗ್ಬಿಡ್ತಾನ್ರೀ. ಟ್ರಂಕು ಹೇರ್ಕಂಡು ಜೊತೇಲಿ ನಡೆದ್ರೆ ಊರ ಹುಡುಗ ಆಗ್ತಾನೆ. ಎಲ್ಲಿದ್ದೆ, ಎಷ್ಟು ಜನ ಇದ್ರಿ ಅಂತ ನಾನು ಕೇಳಂಗಿಲ್ಲ. ಅದು ನನಗೂ ಬ್ಯಾಡ, ಕರ್ನಲ್ ಸಾಹೇಬ್ರಿಗೂ ಬ್ಯಾಡ. ಹೊಟ್ಟೆ, ಕಾಲು, ನಿದ್ದೆ, ಇಷ್ಟೇ ನಮ್ಮ ಮಾತು."

ಅವರ ಎಡಗೈಯ ಎರಡು ಬೆರಳುಗಳಿಗೆ ತುದಿ ಇಲ್ಲ. ಉತ್ತರದ ಹಿಮದ ಗಡಿಯಲ್ಲಿ ಕಳೆದುಕೊಂಡದ್ದು. ಬಿಸಿಲಿಗೆ ಜಗ್ಗದ ತಾವು ಚಳಿಗೆ ಯಾಕೆ ಸೋತೆವೆಂದು ಎಷ್ಟೋ ವರ್ಷ ಅವರಿಗೆ ತಿಳಿಯಲೇ ಇಲ್ಲವಂತೆ. ತಮ್ಮದೇ ಮೈ ಸರಿಯಿಲ್ಲ ಎಂದುಕೊಂಡು ನಾಚಿದ್ದರಂತೆ. ಯೋಧರ ಮಾತು ಕೇಳುತ್ತ ಹೋದಾಗ ಇನ್ನೊಂದು ಸಂಗತಿ ಕಂಡಿತು. ಹಿಮದಲ್ಲಿ ತಲೆನೋವು, ಬೆರಳು ಕಪ್ಪಾಗುವುದು ಜಗಳೂರು ಕಡೆಯವರಲ್ಲೇ ಜಾಸ್ತಿ. ಚನ್ನಗಿರಿ ಕಡೆಯ ಬಸವಾಪಟ್ಟಣ, ನಲ್ಲೂರಿನ ಹುಡುಗರಲ್ಲಿ ಅಷ್ಟಿಲ್ಲ. ಕಾರಣ ದಿಲ್ಲಿಗೂ ಹೊಳೆಯಲಿಲ್ಲ, ಇವರಿಗೂ ಹೊಳೆಯಲಿಲ್ಲ.

ಹೊಳೆದದ್ದು ಹೆಂಡತಿ ಗಿಡ್ಡಮ್ಮನಿಗೆ. ಮನೆಗೆ ಬಂದವರಿಗೆಲ್ಲ ಆಕೆ ಒಂದು ಚೊಂಬು ನೀರು, ಒಂದು ಚೂರು ಬೆಲ್ಲ ಕೊಡುತ್ತಾರೆ. ಆಕೆಯ ತವರು ಹೊನ್ನಾಳಿ.

"ನಾನು ಹೊಳೆ ದಂಡೇಲಿ ಹುಟ್ಟಿದೋಳು. ಈ ಬರದ ಸೀಮೆಗೆ ಬಂದ ಹೊಸದ್ರಲ್ಲಿ ನೀರು ಚೆಲ್ದೆ ಅಂತ ಅತ್ತೆ ಕೈಲಿ ಬೈಸ್ಕಂಡಿದ್ದಕ್ಕೆ ಲೆಕ್ಕ ಇಲ್ಲ. ಅದಕ್ಕೇ ನನ್ನ ಕಣ್ಣಿಗೆ ಬಿತ್ತು. ಚನ್ನಗಿರಿ ಕಡೇರು ಚೊಂಬಿನ ತಳ ಕಾಣಂಗೆ ಕುಡಿದು ಇನ್ನೊಂದು ಕೇಳ್ತಾರೆ. ನಮ್ಮ ಈ ಕಡೇ ಹುಡುಗ್ರು ಎಷ್ಟೇ ಬಾಯಾರಿರ್ಲಿ, ಅರ್ಧ ಉಳಿಸಿ ಮುಚ್ಚಿಡ್ತಾರೆ. 'ಅಲ್ರೀ, ಅಲ್ಲೂ ಹಿಂಗೇ ಮಾಡ್ತಾರೇನ್ರೀ?' ಅಂತ ಇವರನ್ನ ಕೇಳಿದೆ."

ಹವಾಲ್ದಾರರು ಅಂದು ಊಟ ಬಿಟ್ಟು ಎದ್ದರಂತೆ. "ನನ್ನದೇ ಬಾಟ್ಲಿ ಕಣ್ಣಿಗೆ ಬಂತು. ಸಂಜೀಕೆ ಬೇಕಾಗ್ತೈತೆ ಅಂತ ದಿನಾ ಅರ್ಧ ಉಳಿಸ್ತಿದ್ದೆ. ಸಂಜೆ ತೆಗೆದ್ರೆ ಕಲ್ಲಾಗಿರ್ತಿತ್ತು. ಹಿಮದಾಗೆ ನಿಂತು ನೀರು ಉಳಿಸೋ ಮಡ್ಡ ನಾನು!"

ಎತ್ತರದ ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ. ಮೈಯಲ್ಲಿ ನೀರು ಕಡಿಮೆಯಾದರೆ ಕೈಕಾಲು ಬೇಗ ಸೋಲುತ್ತವೆ ಎನ್ನುತ್ತಾರೆ ಸಂಸ್ಥೆಯ ವೈದ್ಯರು. ಇವರು ಬರೆದದ್ದನ್ನು ಓದಿ ಕರ್ನಲ್ ಬೇರೆ ಒಣಸೀಮೆಗಳಲ್ಲೂ ವಿಚಾರಿಸಿದರು. ಅಲ್ಲೂ ಅದೇ ಕಥೆ. ನೀರು ಕುಡಿಯುವುದನ್ನು ಯೋಧನ ಇಷ್ಟಕ್ಕೆ ಬಿಡದೆ, ತುಕಡಿಯ ನಾಯಕ ಎದುರಿಗೆ ನಿಂತು ಕುಡಿಸಬೇಕು ಎಂದು ವರದಿ ಹೋಯಿತು. ಸೇನೆ ಏನು ತೀರ್ಮಾನಿಸಿತೋ ಇನ್ನೂ ಸುದ್ದಿಯಿಲ್ಲ.

ಕಾಯುವಷ್ಟು ವ್ಯವಧಾನ ಹವಾಲ್ದಾರರಿಗೆ ಈಗ ಇಲ್ಲ. ಅವರ ಅಕ್ಕ ಸುಂಕಲಮ್ಮನ ಮಗ ಓಬಣ್ಣ ಸೇನೆಯಲ್ಲಿದ್ದಾನೆ. ಇಷ್ಟು ದಿನ ಬಯಲಿನ ಕ್ಯಾಂಪುಗಳಲ್ಲಿದ್ದವನಿಗೆ ಹಿಮದ ಗಡಿಗೆ ಹೋಗಲು ಆದೇಶ ಬಂದಿದೆ. ರಜೆ ಮುಗಿದಿದೆ, ಇವತ್ತೇ ಹೊರಡಬೇಕು. ಬೆಳಗಿನ ಯೋಧನನ್ನು ಮನೆ ಮುಟ್ಟಿಸಿ, ಅಕ್ಕನ ಊರಾದ ಸೊಕ್ಕೆಯ ಬಸ್ಸು ಹತ್ತುವ ಹವಾಲ್ದಾರರ ಜೊತೆ, ಅವರ ಬಗ್ಗೆ ಬರೆಯಲು ಬಂದಿರುವ ನಾನೂ ಹತ್ತುತ್ತೇನೆ.

ಓಬಣ್ಣ ನಗುಮುಖದ ಆಳು. ಮಾವನ ಪಾಠ ಅವನಿಗೆ ತಮಾಷೆ.

"ಮಾವ, ಹಿಮದಾಗೆ ನೀರಿಗೆ ಬರ ಏನು? ಸುತ್ತಲೂ ನೀರೇ ಅಲ್ವಾ?"

"ಕರಗ್ಸಾಕೆ ಸೀಮೆಎಣ್ಣೆ ಬೇಕಲ್ಲೋ. ನಿನ್ನ ಪಾಲಿಗೆ ಬರಾದು ಅಳತೆ ಮಾಡಿದ ನೀರು. ನೀನು ಅದ್ರಾಗೂ ಉಳಿಸ್ತೀಯ."

"ಇಲ್ಲ ಬಿಡು ಮಾವ, ಕುಡೀತೀನಿ" ಎನ್ನುತ್ತಲೇ ಓಬಣ್ಣ ಕೈಯಲ್ಲಿದ್ದ ಅರ್ಧ ಚೊಂಬನ್ನು ಗೂಡಿನಲ್ಲಿಟ್ಟು, ಮೇಲೊಂದು ತಟ್ಟೆ ಮುಚ್ಚುತ್ತಾನೆ. ಮುಚ್ಚಿದ್ದು ಅವನಿಗೇ ಗೊತ್ತಿಲ್ಲ. ಹವಾಲ್ದಾರರು ನನ್ನ ಮುಖ ನೋಡುತ್ತಾರೆ. ಆ ನೋಟದಲ್ಲಿ ಹೆದರಿಕೆ ಇದೆ.

ಒಲೆಯ ಮುಂದಿದ್ದ ಸುಂಕಲಮ್ಮನೂ ಅದನ್ನು ಕಂಡಿದ್ದಾರೆ. "ತಮ್ಮಾ, ನೀನು ಸಾವಿರ ಹೇಳು, ಅವನು ಕೇಳಲ್ಲ. ಇದು ನಾನು ಕಲ್ಸಿದ್ದು. ಸಣ್ಣೋನಿದ್ದಾಗ ಒಂದು ಬೊಗಸೆ ಚೆಲ್ಲಿದ್ರೂ ಬೆನ್ನಿಗೆ ಬಾರಿಸ್ತಿದ್ದೆ" ಎಂದು ಏಳುತ್ತಾರೆ. ಮುಂಜಾನೆಯಷ್ಟೇ ಊರಾಚೆಯ ಬಾವಿಯಿಂದ ಹೊತ್ತು ತಂದ ತುಂಬಿದ ಕೊಡವನ್ನು ಸೊಂಟಕ್ಕೇರಿಸಿ ಅಂಗಳಕ್ಕೆ ನಡೆಯುತ್ತಾರೆ.

"ಓಬಾ, ಬಾ ಇಲ್ಲಿ."

ಅವನು ಬಂದು ನಿಂತ ಮೇಲೆ ಕೊಡ ಬಗ್ಗಿಸುತ್ತಾರೆ. ನೀರು ಮಣ್ಣಿಗೆ ಬೀಳುತ್ತದೆ. ಓಬಣ್ಣ ಹಾರಿ ಬಂದು ಕೊಡದ ಕಂಠ ಹಿಡಿಯುತ್ತಾನೆ.

"ಅವ್ವಾ! ಏನ್ಮಾಡ್ತಿದೀಯ!"

"ಕೈ ಬಿಡು."

ಎದುರು ಮನೆಯ ಬೊಮ್ಮಕ್ಕ ಪೊರಕೆ ಹಿಡಿದವರು ಹಾಗೇ ನಿಂತುಬಿಟ್ಟಿದ್ದಾರೆ. ಓಬಣ್ಣ ಕೈ ಬಿಡುತ್ತಾನೆ. ಸುಂಕಲಮ್ಮ ಕೊಡವನ್ನು ಪೂರ್ತಿ ಖಾಲಿ ಮಾಡುತ್ತಾರೆ.

"ನೋಡಿದ್ಯಾ? ಉಳ್ಸು ಉಳ್ಸು ಅಂದೋಳು ನಾನೇ. ಈಗ ನಾನೇ ಚೆಲ್ಲಿ ಹೇಳ್ತಿದೀನಿ. ಈ ಊರಾಗೆ ಉಳ್ಸು. ಅಲ್ಲಿ ಉಳಿಸ್ಬ್ಯಾಡ. ನೀರು ಉಳಿಸಿ ಬೆರಳು ಕಳ್ಕಂಡು ಬಂದ್ರೆ ನಾನು ಯಾವ ಬಾವಿಯಿಂದ ತರ್ಲಿ ಮಗಾ?"

ಓಬಣ್ಣ ಅವ್ವನ ಕೈಯಿಂದ ಖಾಲಿ ಕೊಡ ತೆಗೆದುಕೊಂಡು ಬಾವಿಯ ಕಡೆ ಹೊರಡುತ್ತಾನೆ. ತುಂಬಿಸಿ ತಂದು, ಅಂಗಳದಲ್ಲೇ ನಿಂತು, ಚೊಂಬಿನ ಮೇಲೆ ಚೊಂಬು ಕುಡಿಯುತ್ತಾನೆ. ಅಂಗಿಯ ಎದೆ ಒದ್ದೆಯಾದದ್ದನ್ನೂ ಒರೆಸಿಕೊಳ್ಳುವುದಿಲ್ಲ.

ಅವನನ್ನು ದಾವಣಗೆರೆ ಬಸ್ಸಿಗೆ ಹತ್ತಿಸಿ ವಾಪಸ್ ಬರುವಾಗ, ದಿಲ್ಲಿಯ ವರದಿಯಲ್ಲಿ ನಿಮ್ಮ ಹೆಸರು ಬಂದಿದೆಯೇ ಎಂದು ಹವಾಲ್ದಾರರನ್ನು ಕೇಳುತ್ತೇನೆ. ಇಲ್ಲವೆಂದು ತಲೆಯಾಡಿಸುತ್ತಾರೆ. ಅದರ ಬೇಸರವೇನೂ ಅವರಿಗಿದ್ದಂತಿಲ್ಲ. ಆಮೇಲೆ ಹೇಳುತ್ತಾರೆ:

"ನಂದ್ಯಾಕ್ರೀ. ಇವತ್ತಿಂದು ಬರೆದು ಕಳಿಸ್ತೀನಿ. ಅಷ್ಟೊಂದು ದೊಡ್ಡ ವರದಿ ಬರೀತಾರೆ, ಅದ್ರಾಗೆ ಒಂದು ಸಾಲು, 'ಸೊಕ್ಕೆ ಸುಂಕಲಮ್ಮ ಹಿಂಗೆ ಮಾಡಿದ್ಲು' ಅಂತ ಹಾಕಿದ್ರೆ ಸಾಕು. ನಮ್ಮಕ್ಕಂಗೆ ಓದಾಕೆ ಬರಲ್ಲ. ನಾನೇ ಓದಿ ಹೇಳ್ತೀನಿ."