ಗೋಡೆಯ ಮೇಲೆ ಬಿಸಿಲಿಗಿಟ್ಟ ಐಸು

ಆ ಬುಧವಾರ ಬೆಳಿಗ್ಗೆ ನಮ್ಮವರಿಗೆ ನಾನೊಂದು ಸುಳ್ಳು ಹೇಳಿದೆ. ಸಣ್ಣ ಸುಳ್ಳು. ಮಾರನೆಯ ದಿನ ಅವರು ಇರಲಿಲ್ಲ.

ನಮ್ಮವರು ಆರೋಗ್ಯ ಕೇಂದ್ರದಲ್ಲಿ ಲಸಿಕೆ ಡಬ್ಬಿ ಹೊರುವವರು. ಇಪ್ಪತ್ತೆರಡು ವರ್ಷ ಅದೇ ಕೆಲಸ. ಕೇಂದ್ರದ ಮುಂದಿನ ಕೋಣೆಯಲ್ಲಿ ಲಸಿಕೆಯ ಫ್ರಿಜ್ಜು, ಹಿಂದಿನ ಒಂದೂವರೆ ಕೋಣೆಯಲ್ಲಿ ನಮ್ಮ ಸಂಸಾರ. ದಿನಕ್ಕೊಂದು ಬೀದಿಗೆ ಅವರು ಹೋಗಬೇಕು. ನೀಲಿ ಡಬ್ಬಿಯನ್ನು ಸೈಕಲ್ಲಿನ ಕ್ಯಾರಿಯರ್‌ಗೆ ಬಿಗಿದು ಹೊರಟರೆ, ಒಳಗೆ ಐಸ್ ಕ್ಯಾಂಡಿ ಇದೆ ಎಂದು ಮಕ್ಕಳು ಬೆನ್ನು ಹತ್ತುತ್ತಿದ್ದವು. ಸೂಜಿ ಕಂಡ ಮೇಲೆ ದಿಕ್ಕಾಪಾಲು. ಎಲ್ಲರ ಬಾಯಲ್ಲೂ ಅವರು ಐಸಣ್ಣ.

ಅವರು ಯಾರನ್ನೂ ನಂಬುವ ಆಸಾಮಿಯಲ್ಲ. ಕರೆಂಟನ್ನು ನಂಬುತ್ತಿರಲಿಲ್ಲ. ಫ್ರಿಜ್ಜಿನೊಳಗೆ ಥರ್ಮಾಮೀಟರ್ ಒಂದು ಸಾಲದು ಎಂದು ಎರಡಿಟ್ಟಿದ್ದರು. ಎರಡೂ ಒಂದೇ ಅಂಕಿ ತೋರಿಸಿದರೆ, “ಇವೆರಡೂ ಮಾತಾಡ್ಕೊಂಡಿವೆ” ಎನ್ನುತ್ತಿದ್ದರು.

ಲಸಿಕೆ ಬೆಚ್ಚಗಾದರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಅದಕ್ಕೇ ನೀರು ತುಂಬಿದ ಚಪ್ಪಟೆ ಪ್ಲಾಸ್ಟಿಕ್ ಐಸ್ ಪ್ಯಾಕುಗಳನ್ನು ಫ್ರೀಜರಿನಿಂದ ತೆಗೆದ ಕೂಡಲೇ ಡಬ್ಬಿಗೆ ಹಾಕುವಂತಿಲ್ಲ. ಮೇಜಿನ ಮೇಲೆ ಬೆವರಲು ಬಿಡಬೇಕು. ಆಮೇಲೆ ಕಿವಿಗೆ ಹಿಡಿದು ಅಲ್ಲಾಡಿಸಬೇಕು. ಒಳಗೆ ನೀರು ಕುಲುಕಿದ ಸದ್ದು ಬಂದರೆ ಮಾತ್ರ ಡಬ್ಬಿಗೆ. ಬರದಿದ್ದರೆ ಕಾಯಬೇಕು. ಎಷ್ಟು ಹೊತ್ತಾದರೂ ಸರಿ.

ಮಂಗಳವಾರದಿಂದಲೇ ಅವರು ಎದೆ ಉಜ್ಜಿಕೊಳ್ಳುತ್ತಿದ್ದರು. ಕೇಳಿದರೆ “ಎದೆಯುರಿ ಕಣೇ” ಅಂದರು. ಬೇಗ ಹೋದರೆ ಬೇಗ ಬಂದು ಮಲಗುತ್ತಾರೆ ಎಂದು ನನ್ನ ಲೆಕ್ಕ. ಅವರು ಸ್ನಾನಕ್ಕೆ ಹೋದಾಗ ನಾಲ್ಕು ಪ್ಯಾಕುಗಳನ್ನೂ ತೆಗೆದು ನೇರ ಡಬ್ಬಿಯೊಳಗೆ ನಿಲ್ಲಿಸಿದೆ. ಕಲ್ಲಿನಂತಿದ್ದವು. ಬೆರಳಿಗೆ ಅಂಟಿಕೊಂಡವು.

ತಲೆ ಒರೆಸಿಕೊಳ್ಳುತ್ತಾ ಬಂದರು.

“ನೀರಿನ ಸದ್ದು ಬಂತಾ?”

“ಬಂತು.”

“ನಾಲ್ಕರಲ್ಲೂ?”

“ನಾಲ್ಕರಲ್ಲೂ ಬಂತು. ನಾನೇನು ಕಿವುಡೀನಾ?”

“ಕಿವುಡಿ ಆಗಿದ್ರೆ ಬೈಯೋದಾದ್ರೂ ತಪ್ತಿತ್ತು, ನನ್ನ ಗೊರಕೆಗೆ.”

ಬಾಟಲಿಗಳನ್ನು ಜೋಡಿಸಿ ಮುಚ್ಚಳ ಹಾಕಿದರು. ನಾನು ಸೆರಗಿನಲ್ಲಿ ಬೆರಳು ಒರೆಸಿಕೊಳ್ಳುತ್ತಿದ್ದೆ. ಬೆರಳ ತುದಿ ಕೆಂಪಾಗಿತ್ತು. ಒಂದು ಗಳಿಗೆ ಅದನ್ನು ನೋಡಿದರು. ಡಬ್ಬಿಯನ್ನು ಸೈಕಲ್ಲಿಗೆ ಬಿಗಿದು ಹೊರಟರು.

ಮಧ್ಯಾಹ್ನ ತಡವಾಗಿ ಬಂದರು. ಉಳಿದ ಎರಡು ಬಾಟಲಿಗಳಿಗೆ ರಬ್ಬರ್ ಬ್ಯಾಂಡ್ ಸುತ್ತಿ ಫ್ರಿಜ್ಜಿಗೆ ಇಟ್ಟರು. ಊಟ ಮಾಡಿದರು. “ನಾಳೆಯಿಂದ ಐಸ್ ನಾನೇ ತೆಗೀತೀನಿ. ನೀನು ಚಹಾ ಮಾಡು ಸಾಕು” ಅಂದರು. ಅವರ ಎಂದಿನ ಅನುಮಾನ ಎಂದುಕೊಂಡು ನಾನು ಮುಖ ತಿರುಗಿಸಿದೆ.

ಗುರುವಾರ ಬೆಳಿಗ್ಗೆ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದವರು ಹಾಗೇ ಕೂತುಬಿಟ್ಟರು. ಏಳಲಿಲ್ಲ.

ಡಬ್ಬಿ ಹೊರುವವರಿಲ್ಲದೆ ಹತ್ತು ದಿನ ಯಾವ ಬೀದಿಗೂ ಲಸಿಕೆ ಹೋಗಲಿಲ್ಲ. ಹನ್ನೊಂದನೆಯ ದಿನ, ಬೀದಿಗಳಲ್ಲಿ ಸೂಜಿ ಚುಚ್ಚುವ ಕೇಂದ್ರದ ನರ್ಸಮ್ಮ ನನ್ನ ಕೋಣೆಗೆ ಬಂದಳು. ಬುಧವಾರ ಅವರು ಹೋಗಿದ್ದು ರೈಲು ಹಳಿಯಾಚೆಯ ಬೀದಿಗೆ. ಅಲ್ಲಿ ಹತ್ತೊಂಬತ್ತು ಕೂಸುಗಳು. ಮುಂದಿನ ತಿಂಗಳ ಪಟ್ಟಿ ಬರೆಯಲು ಹೋದರೆ ಬಾಗಿಲು ಮುಚ್ಚಿಕೊಳ್ಳುತ್ತಿದ್ದಾರಂತೆ.

“ಐಸಣ್ಣನ ಹೆಸರು ಹೇಳ್ತಾರೆ. ನಾನು ಕೇಳಿದ್ರೆ ಬಾಯಿ ಬಿಡಲ್ಲ. ನೀವೊಂದು ಸಲ ಬನ್ನಿ ಅಕ್ಕ” ಅಂದಳು. ಹೋದೆ.

ಮೊದಲ ಮನೆ ಕಾಲರ್ ಹೊಲಿಯುವವಳದು. ಬಾಗಿಲಲ್ಲೇ ಮಿಷನ್ನು, ಪಕ್ಕದಲ್ಲಿ ಅಂಗಿಯ ಕಾಲರುಗಳ ರಾಶಿ. ಮೂರು ತಿಂಗಳ ಕೂಸು ಅವಳ ಅತ್ತೆಯ ತೊಡೆಯ ಮೇಲೆ.

“ಬಾ ಅಕ್ಕ, ಕೂತ್ಕೋ. ನಿನ್ನ ಮೇಲೆ ನಮಗೆ ಸಿಟ್ಟಿಲ್ಲ. ಆದ್ರೆ ಕೂಸನ್ನ ಮಾತ್ರ ಕೊಡಲ್ಲ” ಅಂದಳು ಕಾಲರಿನವಳು.

“ಯಾಕೆ?”

“ಕೆಮ್ಮು ಅಂತ ಆಸ್ಪತ್ರೆಗೆ ಹೋದ್ರೆ ಮೂರು ಗಂಟೆ ನಿಲ್ಲಿಸ್ತಾರೆ. ಆಡ್ಕೊಂಡಿರೋ ಕೂಸಿಗೆ ಮಾತ್ರ ಮನೆ ಬಾಗಿಲಿಗೇ ಮದ್ದು ಬರುತ್ತೆ. ಅದೂ ಬಿಟ್ಟಿ. ಯಾಕೆ ಅಂತ ನೀನೇ ಹೇಳು.”

ನನ್ನ ಮಗಳು ಕೂಸಾಗಿದ್ದಾಗ ಇದೇ ಪ್ರಶ್ನೆಯನ್ನು ನಾನೂ ಕೇಳಿದ್ದೆ. ಡಬ್ಬಿಯವನ ಹೆಂಡತಿಯಾಗಿಯೂ, ಚುಚ್ಚುವ ಹೊತ್ತಿಗೆ ಕೂಸನ್ನು ಮಂಚದ ಕೆಳಗೆ ಮಲಗಿಸಿ ಮುಂದೆ ಬುಟ್ಟಿ ಅಡ್ಡ ಇಟ್ಟಿದ್ದೆ. ಅವರು ಬುಟ್ಟಿ ಸರಿಸಿ, ನಗುತ್ತಾ, ಎತ್ತಿಕೊಂಡು ಹೋಗಿ ಚುಚ್ಚಿಸಿದ್ದರು.

“ನನ್ನ ಮಗನಿಗೆ ಚುಚ್ಚಿದಾಗ ಜ್ವರಾನೇ ಬರಲಿಲ್ಲ. ಬರೀ ನೀರು ಹಾಕಿದ್ರು ಆಗ” ಅಂದಳು ಅತ್ತೆ. “ಇದಕ್ಕೆ ನೋಡು, ಅವತ್ತು ರಾತ್ರಿಯೆಲ್ಲ ಮೈ ಕೆಂಡ. ಇದು ವಿಷ.”

ನರ್ಸಮ್ಮನಿಗೆ ತಡೆಯಲಾಗಲಿಲ್ಲ. “ಜ್ವರ ಬಂದ್ರೆ ವಿಷ, ಬರದಿದ್ರೆ ನೀರು. ಏನು ಬಂದ್ರೆ ಮದ್ದು ಅಂತೀರಜ್ಜಿ?”

“ಅದನ್ನ ನೀನು ಹೇಳ್ಬೇಕು. ಓದಿರೋಳು ನೀನು.”

“ಜ್ವರ ಬಂದ್ರೆ ಮೈ ಲಸಿಕೇನ ಗುರುತು ಹಿಡೀತಿದೆ ಅಂತ ಅರ್ಥ. ಒಂದೆರಡು ದಿನ ಜ್ವರ ಬರಬಹುದು, ಬರದೇನೂ ಇರಬಹುದು. ಎರಡೂ ಸರಿ.”

“ಹೇಗೆ ಬಂದ್ರೂ ನಿಂಗೇ ಸರಿ ನೋಡು!”

ಕಾಲರಿನವಳು ಮಿಷನ್ನು ನಿಲ್ಲಿಸಿದಳು. ನನ್ನ ಕಡೆ ಬಾಗಿ ದನಿ ತಗ್ಗಿಸಿದಳು.

“ನಾವು ಕಣ್ಣಾರೆ ನೋಡಿದ್ವಿ ಅಕ್ಕ. ಅವತ್ತು ಕಾಲರ್ ಗಂಟು ಕೊಟ್ಟು ಬರ್ತಿದ್ವಿ. ರೈಲ್ವೆ ಗೇಟು ತೆಗೆದೇ ಇತ್ತು. ಆದ್ರೂ ನಿಮ್ಮವರು ಗೋಡೆ ಹತ್ರ ಸೈಕಲ್ ನಿಲ್ಲಿಸಿ ಡಬ್ಬಿ ಬಿಚ್ಚಿದ್ರು. ಬಿಳಿ ಹಲಗೆ ಥರದ್ದು ನಾಲ್ಕು ತೆಗೆದು ಮತ್ತೆ ಮುಚ್ಚಿದ್ರು. ಅವನ್ನ ಗೋಡೆ ಮೇಲೆ ಬಿಸಿಲಿಗೆ ಇಟ್ರು. ಆಮೇಲೆ ಒಂದೊಂದನ್ನೇ ಕಿವಿಗೆ ಹಿಡ್ಕೊಂಡು ಅಲ್ಲಾಡಿಸೋರು, ಇಡೋರು. ಅರ್ಧ ಗಂಟೆ. ಯಾರೂ ಇಲ್ಲದ ಕಡೆ ನಿಂತು ಏನು ಬೆರೆಸ್ತಿದ್ರು? ಐಸಣ್ಣ ಅಲ್ವಾ ಅಂತ ಅವತ್ತು ಸುಮ್ಮನಾದ್ವಿ. ಸಂಜೆಗೆ ಕೂಸಿಗೆ ಜ್ವರ. ಬೆಳಿಗ್ಗೆ ಅವರೇ ಹೋದ್ರು. ಆ ವಿಷ ಅವರ ಕೈಗೇ ತಾಗಿರಬೇಕು.”

ಆ ನಾಲ್ಕು ಹಲಗೆ ನಾನೇ ಡಬ್ಬಿಗಿಟ್ಟ ಪ್ಯಾಕುಗಳು.

ನರ್ಸಮ್ಮ ನನ್ನ ಕಡೆ ತಿರುಗಿದಳು. ಅವಳ ಕಣ್ಣಲ್ಲೂ ಅನುಮಾನ. “ಅಂದ್ರೆ ಐಸ್ ಗಟ್ಟಿ ಇದ್ದಾಗಲೇ ತುಂಬ್ಕೊಂಡು ಹೊರಟಿದ್ರಾ ಅವರು? ಹೀಗೆ ಎಷ್ಟು ಸಲ ಮಾಡಿದ್ರೋ. ಇದನ್ನ ಮೇಲಿನವರಿಗೆ ಬರೀಬೇಕಾಗುತ್ತೆ ಅಕ್ಕ.”

ಅವರ ಹೆಸರಿನಲ್ಲಿ ಬರೆಯುತ್ತಾಳೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಬಾಟಲಿಯನ್ನೂ ಕೆಡಿಸದ ಮನುಷ್ಯನ ಹೆಸರಿನಲ್ಲಿ. ನಾನು ಬಾಯಿ ಮುಚ್ಚಿಕೊಂಡಿದ್ದರೆ ನನ್ನನ್ನು ಕೇಳುವವರು ಯಾರೂ ಇರಲಿಲ್ಲ.

“ಅವರಲ್ಲ, ನಾನು” ಅಂದೆ. ಎಲ್ಲ ಹೇಳಿದೆ. ಎದೆಯುರಿ, ಕಲ್ಲಿನಂಥ ಐಸು, “ನಾಲ್ಕರಲ್ಲೂ ಬಂತು” ಅಂದಿದ್ದು. ಪಕ್ಕದ ಮನೆಯವರೂ ಬಂದು ನಿಂತಿದ್ದರು. ಅವರ ಮುಂದೆಯೇ ಹೇಳಿದೆ.

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಕಟ್ಕೊಂಡವನಿಗೇ ಸುಳ್ಳು ಹೇಳಿದೋಳು. ಈಗ ನಿಜ ಹೇಳ್ತಿದ್ದೀಯ ಅಂತ ಹೇಗೆ ನಂಬೋದು?”

“ನಂಬಬೇಡಿ” ಅಂದಳು ನರ್ಸಮ್ಮ. “ಅವತ್ತು ಉಳಿದ ಎರಡು ಬಾಟ್ಲಿ ಫ್ರಿಜ್ಜಿನಲ್ಲಿವೆ. ಗಟ್ಟಿ ಐಸಿನಿಂದ ಕೆಟ್ಟಿದ್ರೆ ಗೊತ್ತಾಗುತ್ತೆ. ನಾಳೆ ಬಂದು ನೀವೇ ನೋಡಿ. ಕೆಟ್ಟಿದ್ರೆ ಆ ಮಕ್ಕಳಿಗೆಲ್ಲ ಮತ್ತೆ ಹಾಕ್ಬೇಕು. ಮುಚ್ಚಿಡಲ್ಲ.”

ಮಾರನೆಯ ದಿನ ಕೇಂದ್ರಕ್ಕೆ ಆರು ಹೆಂಗಸರು ಬಂದರು. ನರ್ಸಮ್ಮ ಅದೇ ಲಸಿಕೆಯ ಇನ್ನೊಂದು ಬಾಟಲಿಯನ್ನು ಬೇಕೆಂದೇ ಹೆಪ್ಪುಗಟ್ಟಿಸಿ, ಕರಗಿಸಿ ಇಟ್ಟಿದ್ದಳು. ಕೆಟ್ಟದ್ದು ಹೇಗಿರುತ್ತದೆ ಎಂದು ತೋರಿಸಲು.

“ಕೈಚಳಕ ಮಾಡಿ ಅದಲು ಬದಲು ಮಾಡ್ಬಿಟ್ರೆ?” ಅಂದಳು ಅತ್ತೆ. ಕಾಲರಿನವಳು ಸೊಂಟದಿಂದ ಕೆಂಪು ನೂಲು ತೆಗೆದು ಕೆಟ್ಟ ಬಾಟಲಿಯ ಕತ್ತಿಗೆ ತಾನೇ ಗಂಟು ಹಾಕಿದಳು. ಅದರ ಪಕ್ಕಕ್ಕೆ, ನಮ್ಮವರು ರಬ್ಬರ್ ಬ್ಯಾಂಡ್ ಸುತ್ತಿಟ್ಟ ಎರಡರಲ್ಲಿ ಒಂದು.

ನರ್ಸಮ್ಮ ಎರಡನ್ನೂ ಕುಲುಕಿ ಮೇಜಿನ ಮೇಲಿಟ್ಟಳು. ಎರಡೂ ನೀರು ಬೆರೆಸಿದ ಹಾಲಿನಂತಿದ್ದವು. ಅತ್ತೆ ಕಣ್ಣು ಮಿಟುಕಿಸಲೂ ಇಲ್ಲ. ಸ್ವಲ್ಪ ಹೊತ್ತಿಗೆ ಕೆಂಪು ನೂಲಿನ ಬಾಟಲಿಯಲ್ಲಿ ಮೇಲೆ ತಿಳಿಯಾಯಿತು, ತಳದಲ್ಲಿ ಚೂರು ಚೂರು ಬಿಳಿ ಕೂತಿತು. ನಾನು ಇನ್ನೊಂದನ್ನು ನೋಡುತ್ತಿದ್ದೆ. ಕಾಲು ಗಂಟೆ ಆಯಿತು. ಅರ್ಧ ಗಂಟೆ ಆಯಿತು. ಅದು ಹಾಗೇ ಹಾಲು ಹಾಲಾಗಿಯೇ ಇತ್ತು.

“ಕೆಟ್ಟಿಲ್ಲ. ಸರಿಯಾದ ಹೊತ್ತಿಗೆ ಐಸ್ ತೆಗೆದಿದ್ದಾರೆ” ಅಂದಳು ನರ್ಸಮ್ಮ.

ಹನ್ನೊಂದು ದಿನ ಬರದ ಅಳು ಆಗ ಬಂತು. ನನ್ನ ಬೆರಳು ನೋಡಿದಾಗಲೇ ಅವರಿಗೆ ಗೊತ್ತಾಗಿತ್ತು. ಎದೆಯುರಿ ಇಟ್ಟುಕೊಂಡು ಅರ್ಧ ಗಂಟೆ ಬಿಸಿಲಲ್ಲಿ ನಿಂತರು. ಮನೆಗೆ ಬಂದು ನಾನು ಬಡಿಸಿದ್ದನ್ನು ಉಂಡರು. ಸುಳ್ಳಿ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅತ್ತೆ ಎದ್ದು ನಿಂತಳು. “ಇದು ಸರಿ ಇದೆ. ಒಪ್ಪಿದೆ. ಮುಂದಿನ ತಿಂಗಳಿನದು?”

“ಮುಂದಿನ ತಿಂಗಳು ನಾನೇ ಬಂದು ಐಸಿಗೆ ಕಿವಿ ಕೊಡ್ತೀನಿ” ಅಂದಳು ಕಾಲರಿನವಳು.

ಬಂದಳು. ಕೂಸನ್ನು ಸೊಂಟದಲ್ಲಿ ಇಟ್ಟುಕೊಂಡೇ ನಾಲ್ಕು ಪ್ಯಾಕುಗಳನ್ನೂ ಅಲ್ಲಾಡಿಸಿ, ಒಂದನ್ನು ನನ್ನ ಮುಂದೆ ದೂಡಿದಳು. “ಇದಿನ್ನೂ ಬಾಯಿ ಬಿಟ್ಟಿಲ್ಲ.” ಕಾದೆವು. ಅವತ್ತು ಹಳಿಯಾಚೆಯ ಬೀದಿಯಲ್ಲಿ ಒಂಬತ್ತು ಕೂಸುಗಳು ಬಂದವು. ಹತ್ತೊಂಬತ್ತಲ್ಲ. ಬಾಟಲಿಯನ್ನು ಕಣ್ಣಾರೆ ನೋಡಿ ಹೋದವರಲ್ಲೂ ಇಬ್ಬರು ಈವರೆಗೆ ಬಂದಿಲ್ಲ.

ಈಗ ಹೊಸಬನೊಬ್ಬ ಮೋಟರ್ ಸೈಕಲ್ಲಿನಲ್ಲಿ ಡಬ್ಬಿ ಒಯ್ಯುತ್ತಾನೆ. ಕಸ ಗುಡಿಸುವ ಕೆಲಸ ನನಗೆ ಕೊಟ್ಟಿದ್ದಾರೆ, ಕೋಣೆ ಉಳಿದಿದೆ. ದಿನಾ ಬೆಳಿಗ್ಗೆ ನಾಲ್ಕು ಪ್ಯಾಕು ತೆಗೆದು ಮೇಜಿನ ಮೇಲೆ ಸಾಲಾಗಿ ಇಡುತ್ತೇನೆ. ಬೆವರು ಒರೆಸುತ್ತೇನೆ. ಒಂದೊಂದನ್ನೇ ಕಿವಿಗೆ ಹಿಡಿಯುತ್ತೇನೆ. ಸದ್ದು ಬಂತು ಎಂದು ಯಾರಿಗೂ ಹೇಳುವುದಿಲ್ಲ. ಕೇಂದ್ರದ ಬೆಂಚಿನ ಮೇಲೆ ಯಾರು ಕೂತಿದ್ದರೂ ಅವರ ಕೈಗೆ ಕೊಟ್ಟು ಕೇಳಿಸಿಕೊಳ್ಳಲು ಹೇಳುತ್ತೇನೆ. ಯಾರೂ ಇಲ್ಲದ ದಿನ ನಾನೇ ಎರಡು ಸಲ ಕೇಳುತ್ತೇನೆ.