ಬಿಲ್ಲೆ ಇಲ್ಲದ ನಾಯಿ

ಈ ಊರಿನಲ್ಲಿ ನಾಯಿಯ ಕೊರಳಲ್ಲಿ ಬಿಲ್ಲೆ ಇಲ್ಲದಿದ್ದರೆ ಅದನ್ನು ಹಿಡಿದೊಯ್ದು ಕೊಲ್ಲುತ್ತಾರೆ. ಬಿಲ್ಲೆ ಎಂದರೆ ಸಾಕುವವರು ತೆರಿಗೆ ಕಟ್ಟಿದ್ದಕ್ಕೆ ಕೊಡುವ ಹಿತ್ತಾಳೆಯ ಗುರುತು. ಬೆಳಗ್ಗೆ ಸರಳು ಹಾಕಿದ ಗಾಡಿಯೊಂದು ಬೀದಿ ಬೀದಿ ಸುತ್ತುತ್ತದೆ. ನಮ್ಮ ಗದಗಿನಲ್ಲಿ ನಾಯಿ ಇಡೀ ಓಣಿಯದು. ಯಾರ ಮನೆಯ ರೊಟ್ಟಿಯನ್ನಾದರೂ ತಿನ್ನುತ್ತದೆ. ಇಲ್ಲಿ ಪ್ರತಿ ನಾಯಿಗೂ ಒಬ್ಬ ಯಜಮಾನ ಬೇಕು. ರಾಜ್ಯ ಒಂದಾದ ಮೇಲೆ ಗುಮಾಸ್ತನಾಗಿ ವರ್ಗವಾಗಿ ಬಂದು ಬಾಡಿಗೆ ಮನೆ ಹುಡುಕುವಾಗ ನನ್ನನ್ನೂ ಕೇಳಿದ್ದರು: "ನೀವು ಯಾರ ಕಡೆಯವರು?"

ಇದೆಲ್ಲ ತಿಳಿಯುವ ಮೊದಲೇ ಅವ್ವ ಒಂದು ನಾಯಿಯ ಕೊರಳಪಟ್ಟಿ ಬಿಚ್ಚಿಬಿಟ್ಟಿದ್ದಳು.

ಒಂದು ಭಾನುವಾರ ವಿದ್ಯಾರಣ್ಯಪುರಂನ ನಮ್ಮ ಬಾಡಿಗೆ ಮನೆಯ ಬಾಗಿಲಿಗೆ ಕಂದು ನಾಯಿಯೊಂದು ಬಂತು. ಕಂದೋ, ಬೂದುಬಣ್ಣವೋ? ಗದಗಿನ ನಿಮಗೆ ಇದನ್ನು ಬರೆಯುವಾಗ ಕೈ ತಾನಾಗಿ ಕಂದು ಎಂದಿತು. ಭಾನುವಾರ ಮನೆಗೆ ಬಂದ ನಾಯಿ ಮೈಲಾರಲಿಂಗನದು ಎಂಬುದು ಅವ್ವನ ನಂಬಿಕೆ. ದೇವರ ನಾಯಿಗೆ ಯಾರದೋ ತೊಗಲಿನ ಪಟ್ಟಿ ಯಾಕೆಂದು ಬಿಚ್ಚಿ ಕಸದ ತೊಟ್ಟಿಗೆ ಎಸೆದಳು. ಹಣೆಗೆ ಭಂಡಾರದ ಅರಿಶಿನ ಬಳಿದು ಹಾಲು-ರೊಟ್ಟಿ ಇಟ್ಟಳು.

ಮರುದಿನ ಮೊಸರು ಮಾರುವ ಜವರಮ್ಮ ನಾಯಿಯನ್ನು ನೋಡಿ ಬಾಗಿಲಲ್ಲೇ ನಿಂತಳು.

"ಇದು ನಜರ್‌ಬಾದ್ ಟಾಂಗಾ ಸಾಬ್ರ ಮೋತಿ ಕಣವ್ವ! ಬೆಲ್ಟ್ ಎಲ್ಲಿ?"

"ಬಿಚ್ಚಿ ಒಗದೆ," ಎಂದಳು ಅವ್ವ.

"ಬಿಚ್ಬುಟ್ರಾ! ಬಿಲ್ಲೆ ಅದ್ರಲ್ಲೇ ಅಲ್ವಾ ಇರೋದು? ನಾಯಿ ಗಾಡಿ ಇವತ್ತು ಈ ಕಡೀಕೇ ಬತ್ತದೆ."

"ದೇವರ ನಾಯೀನ ಯಾರ್ ಮುಟ್ಟತಾರ?"

"ಗಾಡಿಯವ್ನಿಗೆ ಬಿಲ್ಲೇನೇ ದೇವ್ರು ಕಣವ್ವ. ಸ್ವಾಮಿ, ನೀವು ಬೇಗ ಕರ್ಕೊಂಡ್ ಓಗ್ಬುಡಿ!"

ಕಸದ ತೊಟ್ಟಿ ಆಗಲೇ ಖಾಲಿಯಾಗಿತ್ತು. ನಾಯಿಯ ಕೊರಳಿಗೆ ಟವೆಲು ಕಟ್ಟಿ ಹಿಡಿದುಕೊಂಡು ನಜರ್‌ಬಾದಿಗೆ ಹೊರಟೆ. ಗದಗಿನಲ್ಲಾಗಿದ್ದರೆ ಯಾವ ಸಂದಿಯಲ್ಲಿ ಅಡಗಬೇಕೆಂದು ಕಾಲಿಗೇ ಗೊತ್ತಿರುತ್ತಿತ್ತು. ಇಲ್ಲಿನ ಬೀದಿಗಳು ಅಗಲ, ನೇರ. ಒಂದು ತುದಿಯಲ್ಲಿ ನಿಂತವನಿಗೆ ಇನ್ನೊಂದು ತುದಿಯವರೆಗೂ ಎಲ್ಲ ಕಾಣುತ್ತದೆ. ಬಂದ ಹೊಸದರಲ್ಲಿ ನಾನು ನಿಮಗೆ ಹೊಗಳಿ ಬರೆದದ್ದು ಇವೇ ಬೀದಿಗಳನ್ನು.

ಅರಮನೆಯ ಕೋಟೆಗೋಡೆಯ ಬಳಿ ಹಿಂದಿನಿಂದ ಚಕ್ರದ ಸದ್ದು ಬಂತು. ತಿರುಗಿ ನೋಡಲಿಲ್ಲ. ಕುಣಿಕೆ ಹಿಡಿದವನೊಬ್ಬ ಇಳಿದು ಅಡ್ಡ ನಿಂತ.

"ಬಿಲ್ಲೆ ಎಲ್ಲಿ ಸ್ವಾಮಿ?"

"ಕಳದೈತ್ರೀ."

"ಯಾರ್ದು ನಾಯಿ?"

ಸಿಕ್ಕಿದ್ದು ಎಂದರೆ ಒಯ್ಯುತ್ತಾನೆ. ಸಾಬರದು ಎಂದರೆ ಕದ್ದದ್ದೆಂದುಕೊಂಡಾನು. ನನ್ನದು ಎಂದರೆ ನಾಯಿ ತೆರಿಗೆಯ ದಫ್ತರದಲ್ಲಿ ನನ್ನ ಹೆಸರಿಲ್ಲ. "ನಮ್ದ್ ರೀ," ಎಂದೆ.

"ಮಾತು ಈ ಊರಿಂದಲ್ವಲ್ಲಾ. ಅಣೇಗೇನಿದು, ಅರಿಶಿನ? ಮದ್ವೆ ಮಾಡುದ್ರಾ?"

ಗಾಡಿಯ ಮೇಲಿದ್ದವನು ನಕ್ಕ. ಸರಳಿನೊಳಗೆ ಯಾವುದೂ ಬೊಗಳುತ್ತಿರಲಿಲ್ಲ. ಅದಕ್ಕೇ ಹೆಚ್ಚು ಭಯವಾಯಿತು. ಮೋತಿ ನನ್ನ ಕಾಲಿಗೆ ಒತ್ತಿಕೊಂಡಿತು. ಇಬ್ಬರಲ್ಲಿ ನಡುಗುತ್ತಿದ್ದವರು ಯಾರೆಂದು ಹೇಳಲಾರೆ.

"ಬುಡ್ಲಾ," ಎಂದ ಮೇಲಿನವನು.

ಭಂಡಾರವೇ ಕಾಯಿತೆಂದು ಅವ್ವ ಇಂದಿಗೂ ಹೇಳುತ್ತಾಳೆ. ನಾನು ಕಂಡದ್ದು ಇಷ್ಟೇ: ಗಾಡಿ ತುಂಬಿತ್ತು.

ನಜರ್‌ಬಾದಿನ ಲಾಯದ ಮುಂದೆ ಸಾಬರು ಕುದುರೆಗೆ ಹುಲ್ಲು ಹಾಕುತ್ತಿದ್ದರು. ಮೋತಿ ಟವೆಲು ಕಿತ್ತುಕೊಂಡು ಓಡಿತು. ಅವರು ಹುಲ್ಲಿನ ಮೇಲೆಯೇ ಕುಸಿದು ಕೂತು ಅದರ ಕಿವಿ, ಕಾಲು, ಬೆನ್ನು ತಡವಿ ನೋಡಿದರು.

"ನಮ್ಮವ್ವ ಪಟ್ಟಿ ಬಿಚ್ಚಿ ಒಗದಾಳ್ರೀ. ಬಿಲ್ಲೇನೂ ಹೋತು," ಎಂದೆ.

"ಹೋದ್ರೆ ಹೋಗ್ಲಿ. ಇವನು ಬಂದ್ನಲ್ಲ." ಎದ್ದು ಟಾಂಗಾ ಹೂಡಿದರು. "ಹತ್ತಿ ಸ್ವಾಮಿ, ಬುಟ್ಬರ್ತೀನಿ. ಎಲ್ಲಿ ನಿಮ್ಮನೆ?"

ಗದಗ ಎಂದೆನೋ, ವಿದ್ಯಾರಣ್ಯಪುರಂ ಎಂದೆನೋ. ಎರಡನ್ನೂ ಬರೆದು ಹೊಡೆದುಹಾಕಿದೆ. ಗದಗಿನಲ್ಲಿ ಕೂತು ಓದುವ ನಿಮಗೆ ಯಾವುದು ಇಷ್ಟವೆಂದು ಗೊತ್ತಿದೆ; ಆದ್ದರಿಂದಲೇ ಅದನ್ನು ನಂಬಲಾರೆ. ನಾನು ಏನೇ ಅಂದಿರಲಿ, ಟಾಂಗಾ ತಿರುಗಿದ್ದು ಅವ್ವ ಬಾಗಿಲಲ್ಲಿ ಕಾಯುತ್ತಿದ್ದ ಬಾಡಿಗೆ ಮನೆಯ ಕಡೆಗೆ.