ಓದಿದಳೋ, ಓದಲಿಲ್ಲವೋ

"ಅಂಗಾದ್ರೆ ನನ್ ಮಗ್ಳು ಓದವ್ಳೋ, ಓದಿಲ್ವೋ? ಯಾವ್ದಾದ್ರೂ ಒಂದ್ ಹೇಳಿ ಸ್ವಾಮಿ" ಎಂದು ಗಂಗಮ್ಮ ಕೇಳಿದಾಗ ಅರಸೀಕೆರೆಯ ಕಾಲೇಜಿನ ಗುಮಾಸ್ತರು ಪೆನ್ನು ಕೆಳಗಿಟ್ಟರು.

ಗಂಗಮ್ಮ ನಮ್ಮ ಬೀದಿಗೆ ಸೊಪ್ಪು ತರುವವರು. ಮಗಳು ಆ ಕಾಲೇಜಿನಲ್ಲಿ ಬಿ.ಎ.ಗೆ ಸೇರಿದ ಮೇಲೆ ಹಾಸನದಲ್ಲಿ ಟಿ.ಸಿ.ಎಚ್. ಶಿಕ್ಷಕ ತರಬೇತಿಗೆ ಸೀಟು ಸಿಕ್ಕಿತ್ತು. ಶನಿವಾರದೊಳಗೆ ಅಲ್ಲಿಗೆ ಈ ಕಾಲೇಜಿನ ಟಿ.ಸಿ., ಅಂದರೆ ವರ್ಗಾವಣೆ ಪತ್ರ, ಕೊಡಬೇಕಿತ್ತು. ಶುಕ್ರವಾರ ಕಚೇರಿ ತೆರೆಯುವ ಹೊತ್ತಿಗೇ ತಾಯಿ ಮಗಳನ್ನು ನಿವೃತ್ತ ಮೇಷ್ಟ್ರಾದ ನಾನು ಕರೆದುಕೊಂಡು ಹೋಗಿದ್ದೆ.

ಹುಡುಗಿ ತರಗತಿಗೆ ಬಂದಿದ್ದಾಳೆ, ಆದ್ದರಿಂದ ಫೀಸು ವಾಪಸ್ ಬರುವುದಿಲ್ಲ ಎಂದರು ಗುಮಾಸ್ತರು. ವರ್ಷ ಪೂರ್ತಿ ಓದಿಲ್ಲ, ಆದ್ದರಿಂದ ವಿದ್ಯಾರ್ಥಿವೇತನ ವಾಪಸ್ ಕಟ್ಟಬೇಕು, ಅಲ್ಲಿಯವರೆಗೆ ಟಿ.ಸಿ. ಇಲ್ಲ ಎಂದೂ ಹೇಳಿದರು. ಆ ವಿದ್ಯಾರ್ಥಿವೇತನವನ್ನೇ ಅವಳು ಫೀಸೆಂದು ಅದೇ ಕಿಟಕಿಯಲ್ಲಿ ಕಟ್ಟಿದ್ದಳು. ಗಂಗಮ್ಮ ಆ ಪ್ರಶ್ನೆ ಕೇಳಿದ್ದು ಆಗಲೇ.

"ಎರಡೂ ರೂಲೇ ಕಣಮ್ಮ. ಮೇಷ್ಟ್ರೇ, ನೀವಾದ್ರೂ ಹೇಳಿ ಇವ್ರಿಗೆ" ಎಂದು ಗುಮಾಸ್ತರು ನನ್ನತ್ತ ತಿರುಗಿದರು.

ಶಾಲೆ ನಡೆಸಿದ ಕಾಲವೆಲ್ಲ ಗಂಟೆ ತಪ್ಪದೆ ನಿಯಮ ಪಾಲಿಸಿದವನು ನಾನು. ಹಣ ನಾನೇ ಕಟ್ಟುತ್ತೇನೆ ಎಂದೆ. ಚಲನ್‌ಗೆ ಖಜಾನೆಯ ಮುದ್ರೆ ಬೀಳಬೇಕು ಎಂದರು. ಮುದ್ರೆ ಬಿದ್ದು ಟಿ.ಸಿ. ಕೈಗೆ ಬಂದದ್ದು ಸೋಮವಾರ. ಅಷ್ಟರಲ್ಲಿ ಹಾಸನದ ಸೀಟು ಬೇರೆಯವರ ಪಾಲಾಗಿತ್ತು. ಪಟ್ಟಿಯಿಂದ ಹೆಸರು ಹೊಡೆದಾಗಿದೆ ಎಂದು ಈ ಕಾಲೇಜೂ ಅವಳನ್ನು ಮತ್ತೆ ಸೇರಿಸಿಕೊಳ್ಳಲಿಲ್ಲ.

ಈಗ ಸೊಪ್ಪಿನ ಬುಟ್ಟಿ ಹೊತ್ತು ಮಗಳೂ ತಾಯಿಯ ಜೊತೆ ಬರುತ್ತಾಳೆ. ಗಂಗಮ್ಮ ಇವತ್ತಿಗೂ ನನಗೆ ಒಂದು ಕಟ್ಟು ಹೆಚ್ಚಿಗೆ ಇಡುತ್ತಾರೆ.